ಅಕ್ಕಡಿ ಸಾಲಿಗೂ ನೆಲ ಬೇಕು

"ಐವತ್ತು ಸಾವಿರ, ಒಂದು ಲಕ್ಷ ಅಂತ ಚಿಲ್ಲರೆ ಹಂಚುತ್ತಾ ಕೂತರೆ ಸಂಶೋಧನೆ ಉದ್ಧಾರವಾಗೋದಿಲ್ಲ. ಕೊಟ್ಟರೆ ದೊಡ್ಡ ಮೊತ್ತ ಕೊಡಬೇಕು, ದೊಡ್ಡ ಸಂಸ್ಥೆಗೆ ಕೊಡಬೇಕು."

ಸಮಾಜವಿಜ್ಞಾನಗಳ ಬಗ್ಗೆ ನಡೆಯುವ ಯಾವ ಸಭೆಗೆ ಹೋದರೂ ಈ ಮಾತು ಕೇಳಿಸುತ್ತದೆ. ಆಡುವವರು ವಿದ್ಯೆಯ ವಿರೋಧಿಗಳಲ್ಲ. ವಿಶ್ವವಿದ್ಯಾಲಯ ನಡೆಸುವವರು, ಯೋಜನೆ ರೂಪಿಸುವವರು, ನಮ್ಮ ವಿಷಯದ ಹಿರಿಯ ಪ್ರಾಧ್ಯಾಪಕರೇ ಆಡುತ್ತಾರೆ. ಕೇಳಿ ಕೇಳಿ ಈಗ ಅದು ಯಾರೂ ಪುರಾವೆ ಬೇಡದ ಸತ್ಯವಾಗಿಬಿಟ್ಟಿದೆ. ಇಪ್ಪತ್ತಾರು ವರ್ಷ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಕಲಿಸಿದ ನಾನು ಈ ಮಾತನ್ನು ಒಪ್ಪುವುದಿಲ್ಲ. ಇದು ನಮ್ಮ ನಾಡನ್ನು ನಾವೇ ಅರಿಯದಂತೆ ಮಾಡುವ ಮಾತು ಎಂದು ನನ್ನ ಖಚಿತ ಅಭಿಪ್ರಾಯ.

ಈ ವಾದದ ಬುಡದಲ್ಲಿ ಒಂದು ಎಣಿಕೆಯಿದೆ. ಸಣ್ಣ ಅನುದಾನವೆಂದರೆ ದೊಡ್ಡ ಅನುದಾನದ ಚೂರು, ಚೂರುಗಳನ್ನೆಲ್ಲ ಒಟ್ಟುಮಾಡಿದರೆ ದೊಡ್ಡ ಕೆಲಸವಾದೀತು ಎಂಬ ಎಣಿಕೆ. ಬಯಲುಸೀಮೆಯ ರೈತನಾದರೆ ಇದನ್ನು ಒಪ್ಪುವುದಿಲ್ಲ. ರಾಗಿ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುವವನು ಅವನು. ಆ ಸಾಲಿಗೂ ರಾಗಿಯನ್ನೇ ಬಿತ್ತಿದ್ದರೆ ಇನ್ನೆರಡು ಮೂಟೆ ಬರುತ್ತಿತ್ತಲ್ಲ ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಆದರೆ ಮನೆಯ ಸಾರಿಗೆ ಬೇಳೆ ಬರುವುದು, ಒಗ್ಗರಣೆಗೆ ಸಾಸಿವೆ ಬರುವುದು ಆ ಸಾಲಿನಿಂದ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷ ಸಂಸಾರ ಕಾಯುವುದೂ ಅದೇ. ಅದು ಬೇರೆಯೇ ಬೆಳೆ. ಸಮಾಜಶಾಸ್ತ್ರದಲ್ಲಿ ಸಣ್ಣ ಅನುದಾನವೂ ಹಾಗೆಯೇ. ದೊಡ್ಡ ಯೋಜನೆಗೆ ಎಷ್ಟು ಹಣ ಸುರಿದರೂ ಬೆಳೆಯಲಾಗದ್ದನ್ನು ಅದು ಬೆಳೆಯುತ್ತದೆ.

ನಾನು ಕಂಡದ್ದನ್ನೇ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ನನಗೆ 95,000 ರೂಪಾಯಿಯ ಒಂದು ಕಿರು ಸಂಶೋಧನಾ ಯೋಜನೆ ಮಂಜೂರಾಯಿತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೆಂಗಸರ ಸಂಘದ ಸಾಲ ಮನೆಯಿಂದ ಮನೆಗೆ ಹೇಗೆ ಓಡಾಡುತ್ತದೆ ಎಂದು ನೋಡುವುದು ವಿಷಯ. ಬಸ್ ಚಾರ್ಜು, ಒಂದು ರೆಕಾರ್ಡರ್, ಜೆರಾಕ್ಸು, ಕೊನೆಯ ವರ್ಷದ ಬಿ.ಎ. ಓದುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ ದಿನಭತ್ಯೆ, ಹಣ ಹೋದದ್ದು ಇಷ್ಟಕ್ಕೇ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಒಂದು ಮನೆಯ ಜಗಲಿಯಲ್ಲಿ ಸೆಂಟರ್ ಮೀಟಿಂಗ್ ಸೇರುತ್ತಿತ್ತು. ಹೆಂಗಸರು ಸಾಲಾಗಿ ಕೂತು, ಕಂತಿನ ಹಣ ಎಣಿಸಿಕೊಟ್ಟು, ಪಾಸ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಏಳುತ್ತಿದ್ದರು. ಒಬ್ಬರದ್ದೂ ಬಾಕಿ ಇಲ್ಲ. ನಾವು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಏನೂ ತೊಂದ್ರೆ ಇಲ್ಲ ಮೇಷ್ಟ್ರೇ, ಚೆನ್ನಾಗೈತೆ." ಆರು ವಾರ ಇದನ್ನೇ ಬರೆದುಕೊಂಡೆವು.

ಏಳನೆಯ ವಾರ ನಮ್ಮ ಹುಡುಗಿಯರಲ್ಲಿ ಒಬ್ಬಳು ಹಿತ್ತಲ ಬಾಗಿಲಲ್ಲಿ ಒಬ್ಬ ತಾಯಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಾಲದ ಮಾತೇ ಎತ್ತಿರಲಿಲ್ಲ. ಆ ತಾಯಿ ತಾನಾಗಿ ಎದ್ದು ಒಳಗೆ ಹೋಗಿ ರಾಗಿಹಿಟ್ಟಿನ ಡಬ್ಬದಿಂದ ಮೂರು ಪಾಸ್‌ಬುಕ್ ತೆಗೆದುಕೊಂಡು ಬಂದರು. ಮೂರೂ ಬೇರೆ ಬೇರೆ ಮೈಕ್ರೊಫೈನಾನ್ಸ್ ಕಂಪನಿಯ ಸಂಘದವು. "ಒಂದು ನನ್ನೆಸ್ರಲ್ಲೈತೆ, ಒಂದು ಸೊಸೆ ಹೆಸ್ರು, ಒಂದು ನಾದಿನಿ ಹೆಸ್ರು. ಕಟ್ಟೋಳು ನಾನೇ ಕಣವ್ವ. ಇದ್ರ ಕಂತಿಗೆ ಅದ್ರಲ್ಲಿ ಎತ್ತೋದು, ಅದ್ರ ಕಂತಿಗೆ ಇನ್ನೊಂದ್ರಲ್ಲಿ ಎತ್ತೋದು. ನಮ್ಮೆಜಮಾನ್ರಿಗೆ ಒಂದೇ ಗೊತ್ತಿರೋದು" ಎಂದು ಪುಸ್ತಕಕ್ಕೆ ಮೆತ್ತಿದ್ದ ಹಿಟ್ಟನ್ನು ಸೆರಗಿನಲ್ಲಿ ಒರೆಸಿದರು. ಅಲ್ಲಿಂದ ಮುಂದೆ ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಡಬ್ಬದ ಮುಚ್ಚಳ ತೆರೆಯಿತು.

ಒಬ್ಬ ಸಾಲಗಾರ್ತಿಗೆ ಎರಡಕ್ಕಿಂತ ಹೆಚ್ಚು ಮೈಕ್ರೊಫೈನಾನ್ಸ್ ಕಂಪನಿಗಳು ಸಾಲ ಕೊಡಬಾರದು ಎಂಬ ರಿಸರ್ವ್ ಬ್ಯಾಂಕ್ ನಿಯಮ ಆಗ ಜಾರಿಯಲ್ಲಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಮೂವರು ಹೆಂಗಸರು, ಮೂರು ಸಾಲ, ತಪ್ಪದ ಕಂತು. ನಿಜದಲ್ಲಿ ಒಬ್ಬಳೇ ಹೆಂಗಸು, ಒಂದೇ ಕುತ್ತಿಗೆ. ಲಕ್ಷ ಮನೆಗಳ ಸರ್ವೆ ಮಾಡಿಸಿದ್ದರೂ "ಚೆನ್ನಾಗೈತೆ" ಎಂಬ ಉತ್ತರವೇ ಲಕ್ಷ ಸಲ ಬರುತ್ತಿತ್ತು. ಮುಚ್ಚಳ ತೆರೆಸಿದ್ದು ಏಳು ವಾರದ ಒಡನಾಟ. ಆ ಒಡನಾಟಕ್ಕೆ ಬೇಕಾದ ಬಸ್ ಚಾರ್ಜು ಕೊಟ್ಟದ್ದು ಸಣ್ಣ ಅನುದಾನ.

ಮುಂದೆ ಆದದ್ದು ಎಲ್ಲರಿಗೂ ಗೊತ್ತಿದೆ. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರ ಸುದ್ದಿ ಬಂತು. ಸಾಲ ವಸೂಲಿಯ ಕಾಟ ತಾಳದೆ ಪ್ರಾಣ ಬಿಟ್ಟವರ ಸುದ್ದಿ ಜಿಲ್ಲೆ ಜಿಲ್ಲೆಯಿಂದ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಪಕ್ಕದ ಆಂಧ್ರಪ್ರದೇಶ 2010ರಲ್ಲೇ ಇಂಥ ಸುಗ್ರೀವಾಜ್ಞೆ ಹೊರಡಿಸಿತ್ತು. ನಡುವಿನ ಹದಿನಾಲ್ಕು ವರ್ಷ ನಮ್ಮ ಹಳ್ಳಿಗಳ ಡಬ್ಬಗಳಲ್ಲಿ ಏನಿದೆ ಎಂದು ನೋಡುವ ಒಂದೊಂದು ಅಧ್ಯಯನ ತಾಲ್ಲೂಕಿಗೊಂದರಂತೆ ನಡೆದು, ಅದನ್ನು ಓದುವವರೂ ಇದ್ದಿದ್ದರೆ ಸರ್ಕಾರ ಸಾವುಗಳ ಹಿಂದೆ ಓಡಬೇಕಾಗಿರಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ನನ್ನ ವರದಿಯೂ ಒಂದು ಕಚೇರಿಯ ಬೀರುವಿನಲ್ಲಿ ಕೂತಿತ್ತು. ಎರಡನೆಯ ಕಂತಿನ ಹಣ ಬಿಡುಗಡೆ ಮಾಡಲು ಅದರ ಪುಟಗಳನ್ನು ಎಣಿಸಿದರೇ ಹೊರತು ಒಳಗೇನಿದೆಯೆಂದು ಯಾರೂ ಕೇಳಲಿಲ್ಲ.

ಸಣ್ಣ ಹಣದಿಂದ ದೊಡ್ಡ ವಿಚಾರ ಹುಟ್ಟುವುದಿಲ್ಲ ಎನ್ನುವವರು ನಮ್ಮ ಶಾಸ್ತ್ರದ ಚರಿತ್ರೆಯನ್ನಾದರೂ ನೋಡಲಿ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡ್ ಮಹಾರಾಜರು ಒಬ್ಬ ಯುವಕನಿಗೆ ಅಮೆರಿಕದಲ್ಲಿ ಓದಲು ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟರು. ಆ ಯುವಕ 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದ. ಜಾತಿಯ ಜೀವಾಳ ಇರುವುದು ಒಳವಿವಾಹದಲ್ಲಿ, ಹೆಣ್ಣಿನ ಮದುವೆಯ ಮೇಲಿನ ಹಿಡಿತದಲ್ಲಿ ಎಂದು ತೋರಿಸಿದ. ಡಾ. ಅಂಬೇಡ್ಕರ್ ಅವರಿಗೆ ಆಗ ಇಪ್ಪತ್ತೈದು ವರ್ಷ. ಅವರು ಅಲ್ಲಿಗೆ ಹೋದದ್ದು ಅರ್ಥಶಾಸ್ತ್ರ ಓದಲು. ಜಾತಿಯ ಬಗ್ಗೆ ಬರೆಯಿರಿ ಎಂದು ಯಾವ ಯೋಜನೆಯೂ ಅವರನ್ನು ಕೇಳಿರಲಿಲ್ಲ. ನೂರು ವರ್ಷ ದಾಟಿದರೂ ಜಾತಿಯನ್ನು ಅರಿಯಹೊರಟ ಯಾರೂ ಆ ಪ್ರಬಂಧವನ್ನು ಬಿಟ್ಟು ಮುಂದೆ ಹೋಗಲಾರರು.

ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರನ್ನು ನೋಡಿ. ಆಕ್ಸ್‌ಫರ್ಡ್‌ನಲ್ಲಿ ಅಧ್ಯಾಪಕ ಹುದ್ದೆ ಸಿಕ್ಕಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಡಿ ಎಂದು ಕೇಳಿ, 1948ರಲ್ಲಿ ಕಾವೇರಿ ಬಯಲಿನ ಒಂದು ಹಳ್ಳಿಗೆ ಬಂದು ಕೂತರು. ಅವರು ರಾಮಪುರ ಎಂದು ಕರೆದ ಆ ಊರು ಟಿ. ನರಸೀಪುರ ಸೀಮೆಯ ಕೊಡಗಹಳ್ಳಿ. ವಾಸ ಊರ ಪಟೇಲರ ಎತ್ತಿನ ಮನೆಯಲ್ಲಿ. ತಂಡವಿಲ್ಲ, ಕಚೇರಿಯಿಲ್ಲ. ಊರೊಳಗಿನ ಯಜಮಾನಿಕೆಯನ್ನು ಒಳಗೇ ಕೂತು ಕಂಡದ್ದರಿಂದ ಪ್ರಬಲ ಜಾತಿ ಎಂಬ ಪರಿಕಲ್ಪನೆ ಮೂಡಿತು. ಆ ಊರಿನ ಬಗ್ಗೆ 1955ರಲ್ಲಿ ಅಚ್ಚಾದ ಅವರ ಲೇಖನದಿಂದ 'ವೋಟ್ ಬ್ಯಾಂಕ್' ಎಂಬ ಪದ ಬಂತು. ಇವತ್ತು ದೆಹಲಿಯಿಂದ ಹಳ್ಳಿಯ ಅರಳಿಕಟ್ಟೆವರೆಗೆ ರಾಜಕೀಯದ ಮಾತು ಈ ಎರಡು ಪದಗಳಿಲ್ಲದೆ ಮುಂದೆ ಸಾಗುವುದಿಲ್ಲ.

1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ಕೂತು ವಿಂಗಡಿಸಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂತು. ವಿಂಗಡಿಸಿದ ಟಿಪ್ಪಣಿ ಬೂದಿಯಾದರೂ ಪುಸ್ತಕ ಉಳಿಯಿತು. ಏಕೆಂದರೆ ಆ ಊರನ್ನು ಅಳೆದ ಉಪಕರಣ ಅಲ್ಲಿ ಬಾಳಿದ ಮನುಷ್ಯನೇ. ನಮ್ಮ ಶಾಸ್ತ್ರದ ಈ ಗುಟ್ಟನ್ನು ಬಲ್ಲವರು ಮನುಷ್ಯನ ಇರವಿಗೆ ಹಣ ಕೊಡಿ ಎನ್ನಬೇಕು. ನಾವು ಉಪಕರಣಕ್ಕೆ, ಕಟ್ಟಡಕ್ಕೆ, ಡ್ಯಾಶ್‌ಬೋರ್ಡಿಗೆ ಕೊಡುತ್ತಿದ್ದೇವೆ.

"ಅದೆಲ್ಲ ಹಳೆಯ ಕಾಲ. ಈಗ ದೊಡ್ಡ ಸಮಸ್ಯೆಗಳಿಗೆ ದೊಡ್ಡ ಅಂಕಿಅಂಶ ಬೇಕು" ಎನ್ನುತ್ತಾರೆ. ಜನಗಣತಿ ಬೇಕು, ರಾಷ್ಟ್ರೀಯ ಮಾದರಿ ಸಮೀಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮೀಕ್ಷೆ ತನ್ನ ಪ್ರಶ್ನೆಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಏನು ಕೇಳಬೇಕು, ಬಂದ ಉತ್ತರಕ್ಕೆ ಏನರ್ಥ ಎಂಬುದನ್ನು ಮೊದಲೇ ಕೇರಿಯಲ್ಲಿ ಕೂತು ತಿಳಿದವರು ಹೇಳಬೇಕು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ಅಲ್ಲಿ ಎದುರಾದ ದೊಡ್ಡ ತೊಡಕು ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳದ್ದು. ಒಂದು ಜಿಲ್ಲೆಯಲ್ಲಿ ಹೊಲೆಯ ಸಮುದಾಯದವರು ಬರೆಸುವ ಹೆಸರನ್ನೇ ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು ಬರೆಸುತ್ತಾರೆ. ಮೂಲ ಜಾತಿ ಹೇಳದೆ ಆ ಹೆಸರನ್ನಷ್ಟೇ ಬರೆಸಿದವರಿಗಾಗಿ ಆಯೋಗ ಪ್ರತ್ಯೇಕ ಗುಂಪನ್ನೇ ಸೂಚಿಸಬೇಕಾಯಿತು.

ಒಬ್ಬ ತಾಯಿ ಗಣತಿದಾರನ ಮುಂದೆ ತನ್ನ ಜಾತಿಯ ಹೆಸರನ್ನು ಏಕೆ ನುಂಗಿಕೊಳ್ಳುತ್ತಾಳೆ? ಬಾಡಿಗೆ ಮನೆ ಕೈತಪ್ಪುವ ಭಯವೇ, ಮಗನ ಹಳೆಯ ಜಾತಿ ಪ್ರಮಾಣಪತ್ರಕ್ಕೆ ತೊಡಕಾದೀತೆಂಬ ಅಳುಕೇ, ಆ ಹೆಸರಿಗೆ ಅಂಟಿದ ನೋವೇ? ಗಣತಿದಾರನ ಮೊಬೈಲಿನಲ್ಲಿ ಇದಕ್ಕೆ ಜಾಗವಿಲ್ಲ. ಇದನ್ನು ತಿಳಿಯಲು ಆ ಕೇರಿಯಲ್ಲೇ ಹುಟ್ಟಿದ ಒಬ್ಬ ಸಂಶೋಧಕನಿಗೆ ಆರು ತಿಂಗಳು, ಒಂದೂವರೆ ಲಕ್ಷ ಸಾಕು. ಅದೇ 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಸರ್ಕಾರ ಅಂದಾಜು ಮಾಡಿದ ವೆಚ್ಚ 420 ಕೋಟಿ. ಅದು ಬೇಕಾದ ಖರ್ಚೇ. ಅದರ ನೂರನೇ ಒಂದು ಪಾಲು 4.2 ಕೋಟಿ. ತಲಾ ಎರಡು ಲಕ್ಷದಂತೆ 210 ಅಧ್ಯಯನ, ಹೆಚ್ಚುಕಡಿಮೆ ತಾಲ್ಲೂಕಿಗೊಂದು. ಸಮೀಕ್ಷೆಗೆ ಎರಡು ವರ್ಷ ಮೊದಲು ಇಷ್ಟು ನಡೆದಿದ್ದರೆ ಸಮೀಕ್ಷೆಯ ಪ್ರಶ್ನೆಗಳೇ ಬೇರೆಯಾಗಿರುತ್ತಿದ್ದವು. ದೊಡ್ಡ ಯೋಜನೆಯ ಬೆಲೆ ಹೆಚ್ಚಿಸುವುದೇ ಸಣ್ಣ ಅಧ್ಯಯನ ಎಂಬುದನ್ನು ದೊಡ್ಡದರ ಪರ ಮಾತಾಡುವವರು ಮರೆತಿದ್ದಾರೆ.

ಮರೆವು ನೀತಿಯಾಗಿಯೂ ಇಳಿದಿದೆ. 12ನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ಗೆ ಮುಗಿದ ಮೇಲೆ ಕಾಲೇಜು ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೊಡುತ್ತಿದ್ದ ಕಿರು ಸಂಶೋಧನಾ ಯೋಜನೆ ಮೊದಲಿನಂತೆ ಮುಂದುವರಿಯಲಿಲ್ಲ. 2019ರಲ್ಲಿ ಯುಜಿಸಿ ತಂದ ಸ್ಟ್ರೈಡ್ ಯೋಜನೆ ಮಾತಾಡಿದ್ದು ಕೋಟಿಗಳಲ್ಲಿ: ಒಂದು ಸಂಸ್ಥೆಗೆ 1 ಕೋಟಿವರೆಗೆ, ಹಲವು ಸಂಸ್ಥೆಗಳ ಜಾಲಕ್ಕೆ 5 ಕೋಟಿವರೆಗೆ. 2022ರಲ್ಲಿ ಸೇವೆಯಲ್ಲಿರುವ ಅಧ್ಯಾಪಕರಿಗೆಂದು ಪ್ರಕಟಿಸಿದ 10 ಲಕ್ಷದ ಅನುದಾನ ಇಡೀ ದೇಶಕ್ಕೆ 200 ಮಂದಿಗೆ. ಎಲ್ಲ ಜ್ಞಾನಶಾಖೆಗಳಿಗೂ ನೆರವಾಗುವ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬರುತ್ತದೆ ಎಂದು 2020ರ ಶಿಕ್ಷಣ ನೀತಿ ಆಸೆ ತೋರಿಸಿತ್ತು. 2023ರ ಕಾಯ್ದೆಯಾಗಿ, ಐದು ವರ್ಷಕ್ಕೆ 50,000 ಕೋಟಿಯ ಅಂದಾಜಿನೊಂದಿಗೆ ಅದು ಬಂದಾಗ ಸಮಾಜವಿಜ್ಞಾನ ಮತ್ತು ಮಾನವಿಕಗಳಿಗೆ ಉಳಿದದ್ದು ವಿಜ್ಞಾನ ತಂತ್ರಜ್ಞಾನಗಳ ಜೊತೆ ಅವು ಕೂಡುವ ಅಂಚು ಮಾತ್ರ. 1969ರಲ್ಲಿ ಹುಟ್ಟಿದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ, ಐಸಿಎಸ್‌ಎಸ್‌ಆರ್ ಈಗಲೂ ಮೈನರ್ ಪ್ರಾಜೆಕ್ಟ್ ಕೊಡುತ್ತದೆ, ಅದಕ್ಕೆ ಋಣಿಯಾಗಿರೋಣ. ಆದರೆ ಅಲ್ಲಿ ಪೈಪೋಟಿ ಇಡೀ ದೇಶದ್ದು. ಕನ್ನಡದಲ್ಲಿ ಯೋಚಿಸುವವನು ಇಂಗ್ಲಿಷ್ ಹೊದ್ದುಕೊಂಡೇ ಅಲ್ಲಿಗೆ ಹೋಗಬೇಕು.

ಹಣವಿರುವ ದೇಶಗಳು ಈ ತಪ್ಪು ಮಾಡಿಲ್ಲ. ಬ್ರಿಟಿಷ್ ಅಕಾಡೆಮಿ 10,000 ಪೌಂಡ್ ಮೀರದ ಕಿರು ಅನುದಾನಗಳನ್ನು ಒಬ್ಬೊಬ್ಬ ವಿದ್ವಾಂಸರಿಗೆ ಈಗಲೂ ಕೊಡುತ್ತದೆ. ನಮ್ಮಲ್ಲಿಯೂ ಸಣ್ಣ ಮೊತ್ತದ ಬೆಲೆ ವಿದ್ಯಾರ್ಥಿಗಳಿಗೆ ಗೊತ್ತು. 2015ರ ಅಕ್ಟೋಬರ್‌ನಲ್ಲಿ ಎನ್‌ಇಟಿ ಅರ್ಹತಾ ಪರೀಕ್ಷೆ ಪಾಸಾಗದ ಸಂಶೋಧಕರ ಫೆಲೋಶಿಪ್ ನಿಲ್ಲಿಸುವುದಾಗಿ ಯುಜಿಸಿ ಹೇಳಿದಾಗ ದೆಹಲಿಯ ಬೀದಿಯಲ್ಲಿ ಅವರು ಚಳಿಯಲ್ಲಿ ಮಲಗಿದ್ದು ಎಂ.ಫಿಲ್.ಗೆ ತಿಂಗಳಿಗೆ 5,000, ಪಿಎಚ್‌.ಡಿ.ಗೆ 8,000 ರೂಪಾಯಿಗಾಗಿ. ಮೇಲೆ ಕೂತವರಿಗೆ ಚಿಲ್ಲರೆಯಾಗಿ ಕಂಡದ್ದು ಅವರಿಗೆ ಓದು ಮುಂದುವರಿಸುವ ದಾರಿಯಾಗಿತ್ತು.

ಎದುರು ವಾದದಲ್ಲಿ ಒಂದು ಮಾತು ತೂಕದ್ದು. ಕಿರು ಯೋಜನೆಗಳ ಹೆಸರಲ್ಲಿ ಬಂದ ಬಹಳಷ್ಟು ವರದಿಗಳು ಕಾಟಾಚಾರದವು ಎನ್ನುತ್ತಾರೆ. ನಿಜ. ಒಂದರಿಂದ ಇನ್ನೊಂದಕ್ಕೆ ಪುಟಗಟ್ಟಲೆ ಇಳಿಸಿದ ವರದಿಗಳನ್ನು ನಾನೂ ಕಂಡಿದ್ದೇನೆ. ಆದರೆ ಅದಕ್ಕೆ ಕಾರಣ ಹಣ ಸಣ್ಣದಾಗಿದ್ದುದಲ್ಲ. ಯುಜಿಸಿಯ 2010ರ ನಿಯಮಗಳಲ್ಲಿ ಸಂಶೋಧನಾ ಯೋಜನೆಗೆ ಬಡ್ತಿಯ ಅಂಕ ಕಟ್ಟಿದರು. ಅಂಕ ಬೇಕಾದವರೆಲ್ಲ ಅರ್ಜಿ ಹಾಕಿದರು. ಬಂದ ವರದಿಯನ್ನು ಯಾರೂ ಓದಲಿಲ್ಲ. ಓದುಗನಿಲ್ಲದ ಬರಹ ಎಲ್ಲಿಯೂ ಚೆನ್ನಾಗಿ ಬೆಳೆಯದು, ಒಂದು ಲಕ್ಷದ್ದಾಗಲಿ ಒಂದು ಕೋಟಿಯದ್ದಾಗಲಿ. ಕಳೆ ಬಂತೆಂದು ಅಕ್ಕಡಿ ಸಾಲನ್ನೇ ಉತ್ತುಹಾಕುವ ರೈತನಿಲ್ಲ. ಅವನು ಕಳೆ ಕೀಳುತ್ತಾನೆ.

ಇನ್ನೊಂದು ಮಾತು: ಸಣ್ಣ ಅನುದಾನಗಳ ಕಡತ ನೋಡುವುದಕ್ಕೇ ಹೆಚ್ಚು ಖರ್ಚು. ಕಡತವನ್ನು ಅಷ್ಟು ದಪ್ಪ ಮಾಡಿದವರು ಯಾರು? ನನ್ನ 95,000ದ ಯೋಜನೆಗೆ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧಕರ ಸಹಿ, ಮೂರು ಪ್ರತಿಯಲ್ಲಿ ಬಸ್ ಟಿಕೆಟ್, ಪ್ರಾಂಶುಪಾಲರ ಮುದ್ರೆ ಎಲ್ಲ ಬೇಕಾಯಿತು. ಎರಡನೆಯ ಕಂತು ಕೈಗೆ ಬರುವ ಹೊತ್ತಿಗೆ ಆ ಹುಡುಗಿಯರ ಪದವಿ ಮುಗಿದಿತ್ತು. ಅವರ ಭತ್ಯೆಯನ್ನು ನಾನು ಸಂಬಳದಿಂದ ಕೊಟ್ಟಿದ್ದೆ. ಕೋಟಿಗೆ ಹೊಲಿದ ಅಂಗಿಯನ್ನು ಲಕ್ಷಕ್ಕೆ ತೊಡಿಸಿ, ನಡೆಯಲು ಬರುವುದಿಲ್ಲ ಎಂದು ದೂರುವುದು ನ್ಯಾಯವಲ್ಲ.

ಮೂರನೆಯದು, ಕಾಲೇಜು ಮೇಷ್ಟ್ರುಗಳ ಕೆಲಸ ಪಾಠ ಮಾತ್ರ ಎಂಬುದು. ಸಮಾಜಶಾಸ್ತ್ರದ ತರಗತಿಯಲ್ಲಿ ಕೂರುವ ಮಕ್ಕಳು ನಾವು ಪಾಠ ಮಾಡುವ ಸಮಾಜದಿಂದಲೇ ಎದ್ದು ಬಂದವರು. ಕಬ್ಬು ಕಡಿಯುವವರ ಮಗ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳು. ಅವರ ಮುಂದೆ ಹಳೆಯ ನೋಟ್ಸ್ ಓದುವ ಮೇಷ್ಟ್ರಿಗೂ, ಅವರ ಊರಿಗೇ ಹೋಗಿ ಬಂದು ಮಾತಾಡುವ ಮೇಷ್ಟ್ರಿಗೂ ಇರುವ ಅಂತರ ಆ ಮಕ್ಕಳಿಗೆ ತಿಳಿಯುತ್ತದೆ. ದೊಡ್ಡ ಸಂಸ್ಥೆಯ ತಂಡ ಹಳ್ಳಿಗೆ ಒಂದು ಸಲ ಬಂದು ಹೋಗುತ್ತದೆ. ಕಾಲೇಜು ಮೇಷ್ಟ್ರು ಅಲ್ಲೇ ಇರುತ್ತಾನೆ. ಊರಿನ ಜಾತ್ರೆ, ಜಗಳ, ಸಾವು ಎಲ್ಲ ಅವನಿಗೆ ಗೊತ್ತು. ಈ ತಿಳಿವಳಿಕೆಯನ್ನು ಹಣ ಕೊಟ್ಟು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಅದು ಬರಹವಾಗಲು ಒಂದಿಷ್ಟು ಬಿಡುವು, ಒಂದಿಷ್ಟು ಬಸ್ ಚಾರ್ಜು ಕೊಟ್ಟರೆ ಸಾಕು.

ಆಗಬೇಕಾದದ್ದು ಕಷ್ಟದ್ದೇನಲ್ಲ. ರಾಜ್ಯ ಸರ್ಕಾರ ಸಮಾಜವಿಜ್ಞಾನಗಳಿಗೆ ಐವತ್ತು ಸಾವಿರದಿಂದ ಎರಡು ಲಕ್ಷದವರೆಗಿನ ಒಂದು ಕಿರು ಅನುದಾನ ನಿಧಿ ಮಾಡಲಿ. ಅರ್ಜಿ ಎರಡು ಪುಟ, ಕನ್ನಡದಲ್ಲಿ. ಹಣ ಒಂದೇ ಕಂತಿನಲ್ಲಿ. ಬಡ್ತಿಗೂ ಇದಕ್ಕೂ ನಂಟು ಬೇಡ, ಬೇಕಾದವರಷ್ಟೇ ಬರಲಿ. ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೂ ಬಾಗಿಲು ತೆರೆದಿರಲಿ. ಮುಗಿದ ಅಧ್ಯಯನವನ್ನು ಇಬ್ಬರು ವಿದ್ವಾಂಸರು ಓದಿ ಬರಹದಲ್ಲಿ ಅಭಿಪ್ರಾಯ ಕೊಡಲಿ. ಅದು ನಡೆದ ಊರಿನಲ್ಲೇ, ಮಾಹಿತಿ ಕೊಟ್ಟವರ ಮುಂದೆ, ಗುಟ್ಟು ನಂಬಿ ಹೇಳಿದವರ ಹೆಸರು ಹೊರಬೀಳದಂತೆ ಸಂಶೋಧಕರೇ ಅದನ್ನು ಓದಿ ಹೇಳಲಿ. ಅಲ್ಲಿ ಸುಳ್ಳು ನಿಲ್ಲುವುದಿಲ್ಲ.

ಅಂದು ಅವರೆಕಾಯಿ ಸುಲಿದ ಹುಡುಗಿ ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋದ ತಿಂಗಳು ಮನೆಗೆ ಬಂದಿದ್ದಳು. ಫೋನಿನ ಆ್ಯಪ್‌ಗಳಲ್ಲಿ ಎತ್ತುವ ಸಾಲ ಅದೇ ಊರಿನ ಹೆಂಗಸರ ಬದುಕಿಗೆ ಹೇಗೆ ಬಂದಿದೆ, ಈಗ ಪಾಸ್‌ಬುಕ್ಕೂ ಇಲ್ಲದ ಆ ಸಾಲವನ್ನು ಅವರು ಎಲ್ಲಿ ಬಚ್ಚಿಡುತ್ತಾರೆ ಎಂದು ನೋಡಬೇಕು ಎಂದಳು. ಎರಡು ಪುಟದ ಟಿಪ್ಪಣಿ ಬರೆದು ತಂದಿದ್ದಳು. ಕೊನೆಯಲ್ಲಿ ಖರ್ಚಿನ ಅಂದಾಜು 80,000 ರೂಪಾಯಿ, ಅದರಲ್ಲಿ ಬಸ್ ಚಾರ್ಜೇ ಹೆಚ್ಚು. "ಇದನ್ನ ಎಲ್ಲಿಗೆ ಕಳಿಸಬೇಕು ಸರ್?" ಎಂದು ಕೇಳಿದಳು. ಖಾಯಂ ಹುದ್ದೆಯ ಆದೇಶವಿಲ್ಲದ ಅವಳಿಗೆ ತೆರೆದಿರುವ ಒಂದು ಬಾಗಿಲೂ ನನಗೆ ತೋಚಲಿಲ್ಲ. ಆ ಎರಡು ಪುಟ ನನ್ನ ಮೇಜಿನ ಮೇಲಿದೆ. ಅದಕ್ಕೊಂದು ವಿಳಾಸ ಬೇಕು.